ಸಮುದ್ರ ದಾಟಿ ಬಂದ ಮುಯ್ಯಾಳು

ಮಲೆನಾಡಿನ ಮಳೆ ನಿಮಗೆ ಗೊತ್ತಲ್ಲ? ಹಿಡಿದರೆ ಬಿಡುವುದೇ ಇಲ್ಲ. ಹಿಂದೆ ಮೆಣಸೆ, ಶೃಂಗೇರಿ, ಕೊಪ್ಪದ ಕಡೆ ಬಹಳ ಮನೆಗಳಿಗೆ ಸೋಗೆ ಮಾಡು ಇತ್ತು. ಮಳೆಗಾಲಕ್ಕೆ ಮೊದಲು ಹೊಸ ಅಡಿಕೆ ಸೋಗೆ ಹೊದಿಸಬೇಕಿತ್ತು. ಅದು ಒಬ್ಬರ ಕೈಲಿ ಆಗುವ ಕೆಲಸವಲ್ಲ. ಅಕ್ಕಪಕ್ಕದವರು ಬರುತ್ತಿದ್ದರು. ಇವತ್ತು ನಿಮ್ಮ ಮನೆಗೆ ನಾವು. ನಾಳೆ ನಮ್ಮ ಮನೆಗೆ ನೀವು. ಕೂಲಿ ಇಲ್ಲ, ಊಟ ಉಂಟು. ಇದೇ ಮುಯ್ಯಾಳು. ಗದ್ದೆ ನಟ್ಟಿಗೂ ಹೀಗೇ.

ಮುಯ್ಯಾಳು ಪಕ್ಕದ ಮನೆಯಿಂದ ಬರುವುದು ಸರಿ. ಬೇರೆ ದೇಶದಿಂದ ಬಂದರೆ?

"ಹಾಗೂ ಬರ್ತಾರಾ?" ಅಂತ ಕೇಳ್ತೀರಾ? ಬಂದಿದ್ದಾರೆ.

ಬಿಹಾರದಲ್ಲಿ

1934ರ ಜನವರಿ 15. ಬಿಹಾರದಲ್ಲಿ ದೊಡ್ಡ ಭೂಕಂಪ ಆಯಿತು. ಸಾವಿರಾರು ಜನ ಸತ್ತರು. ಮನೆಗಳು ನೆಲಕ್ಕೆ ಬಿದ್ದವು.

ದೂರದ ಸ್ವಿಟ್ಜರ್ಲೆಂಡ್ ದೇಶದಲ್ಲಿ ಪಿಯರ್ ಸೆರೆಸೋಲ್ ಎಂಬ ಇಂಜಿನಿಯರ್ ಇದ್ದರು. ಅವರು ಸುದ್ದಿ ಕೇಳಿ ನಮ್ಮ ದೇಶಕ್ಕೆ ಬಂದರು. ಆಮೇಲೆ ಕೆಲವು ಗೆಳೆಯರೂ ಬಂದರು. ಅವರು ದುಡ್ಡು ಹಂಚಿ ಹೋಗಲು ಬಂದವರಲ್ಲ. ಹಳ್ಳಿಯವರ ಜೊತೆ ತಾವೂ ದುಡಿದರು. ಮನೆ ಕಟ್ಟಿದರು.

ಇದೇ ಸೆರೆಸೋಲ್ 1920ರಲ್ಲಿ ಫ್ರಾನ್ಸ್ ದೇಶಕ್ಕೂ ಹೋಗಿದ್ದರು. ಯುದ್ಧದಲ್ಲಿ ಹಾಳಾದ ಒಂದು ಹಳ್ಳಿಯನ್ನು ಮತ್ತೆ ಕಟ್ಟಲು ಹೋಗಿದ್ದರು. ಅವರ ಗುಂಪಿನಲ್ಲಿ ಜರ್ಮನಿಯವರೂ ಇದ್ದರು. ಯುದ್ಧ ನಡೆದದ್ದು ಫ್ರಾನ್ಸಿಗೂ ಜರ್ಮನಿಗೂ. ವೈರಿ ದೇಶದವರೇ ಮನೆ ಕಟ್ಟಲು ಕೈ ಹಾಕಿದರು!

ಲೋನಾವಳದಲ್ಲಿ

ಲೋನಾವಳ ಊರು ಮುಂಬಯಿ ಮತ್ತು ಪುಣೆಯ ನಡುವೆ ಇದೆ. 2006ರಲ್ಲಿ ಅದರ ಹತ್ತಿರ 100 ಮನೆಗಳ ಕೆಲಸ ನಡೆಯಿತು. ದೇಶ ವಿದೇಶದ ಜನ ಬಂದರು. ಅಮೆರಿಕದ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ ಕೂಡ ಬಂದರು. ಆಗ ಅವರಿಗೆ 82 ವರ್ಷ. ಹೆಂಡತಿ ರೊಸಾಲಿನ್ ಕೂಡ ಜೊತೆಗಿದ್ದರು. ಇದನ್ನು ನಡೆಸಿದ್ದು 'ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿ' ಎಂಬ ಸಂಸ್ಥೆ. ಇದು 1976ರಲ್ಲಿ ಅಮೆರಿಕದಲ್ಲಿ ಶುರುವಾಯಿತು.

ಕೆಲಸ ಹೇಗೆ ನಡೆಯುತ್ತದೆ?

ಬಂದವರು ಕೂಲಿ ಕೇಳುವುದಿಲ್ಲ. ದಾರಿ ಖರ್ಚು ಅವರದೇ. ಇಟ್ಟಿಗೆ ಕೊಡುತ್ತಾರೆ. ಗಾರೆ ಕಲಸುತ್ತಾರೆ. ಬಣ್ಣ ಬಳಿಯುತ್ತಾರೆ. ಮೇಸ್ತ್ರಿ ಹೇಳಿದ ಹಾಗೆ ಕೇಳುತ್ತಾರೆ.

ಮನೆಯವರು ಸುಮ್ಮನೆ ಕೂರುವ ಹಾಗಿಲ್ಲ. ಅವರೂ ದುಡಿಯಬೇಕು. ತಮ್ಮ ಮನೆಗೆ ಮಾತ್ರ ಅಲ್ಲ, ಬೇರೆಯವರ ಮನೆಗೂ ದುಡಿಯುವುದುಂಟು. ಎಷ್ಟೋ ಕಡೆ ಮನೆಯ ಹಣವನ್ನು ಕಂತಿನಲ್ಲಿ ತೀರಿಸುತ್ತಾರೆ. ಹಾಗಾಗಿ ಅದು ದಾನದ ಮನೆಯಲ್ಲ. ಮುಯ್ಯಿಯ ಮನೆ. ತಲೆ ತಗ್ಗಿಸಬೇಕಾಗಿಲ್ಲ.

ಒಂದು ಪ್ರಶ್ನೆ

"ವಿಮಾನದ ದುಡ್ಡಿಗೆ ಎಷ್ಟು ಇಟ್ಟಿಗೆ ಬರ್ತಿತ್ತು! ನಮ್ಮ ಊರಿನ ಗಾರೆಯವರಿಗೇ ಕೂಲಿ ಕೊಡಬಹುದಿತ್ತಲ್ವಾ?" ಎಂದು ನೀವು ಕೇಳಬಹುದು. ಇದು ನ್ಯಾಯವಾದ ಪ್ರಶ್ನೆ. ಊರಿನವರ ಕೂಲಿ ತಪ್ಪಿಸುವ ಸಹಾಯ ಸಹಾಯವಲ್ಲ. ಬಂದವರು ಕಲಿಯಲೂ ಬರಬೇಕು.

ನಮ್ಮ ಕಡೆ ಮಾಡು ಇಳಿಜಾರಾಗಿ ಇರಬೇಕು. ಇಲ್ಲದಿದ್ದರೆ ನೀರು ನಿಲ್ಲುತ್ತದೆ. ಗೋಡೆಗೆ ಇರಚಲು ಹೊಡೆಯದಂತೆ ಮಾಡು ಮುಂದಕ್ಕೆ ಚಾಚಿರಬೇಕು. ಹೊರಗಿನವರಿಗೆ ಇದೆಲ್ಲ ಹೇಗೆ ಗೊತ್ತು? ಹೇಳಿಕೊಡುವವರು ನೀವೇ. ಹೊಸ ಸಿಮೆಂಟು ಗೋಡೆಗೆ ಕಡೇಪಕ್ಷ 7 ದಿನ ನೀರು ಹೊಡೆಯಬೇಕು. ನೀರು ಹೊತ್ತು ತಂದು ಹೊಡೆಯುವವರು ಹೆಚ್ಚಾಗಿ ಯಾರು? ಹೆಂಗಸರೇ ತಾನೆ?

ಕಾಗದದಲ್ಲಿ ಯಾರ ಹೆಸರು?

ಕಲ್ಲು ಹೊರುವಾಗ ಹೆಂಗಸರು ಇರ್ತಾರೆ. ನೀರು ಹೊಡೆಯುವಾಗ ಇರ್ತಾರೆ. ಮನೆಯ ಕಾಗದದಲ್ಲಿ ಮಾತ್ರ ಎಷ್ಟೋ ಸಲ ಇರುವುದಿಲ್ಲ. ಸರ್ಕಾರದ ಪ್ರಧಾನ ಮಂತ್ರಿ ಆವಾಸ್ ಯೋಜನೆ ಹಳ್ಳಿಗಳಲ್ಲಿಯೂ ಇದೆ. ಹೆಂಗಸಿನ ಹೆಸರಿಗೆ, ಇಲ್ಲವೇ ಗಂಡ ಹೆಂಡತಿ ಇಬ್ಬರ ಹೆಸರಿಗೆ ಮನೆ ಕೊಡಬೇಕು ಎಂದು ಅದರ ನಿಯಮ ಹೇಳುತ್ತದೆ.

ಮನೆ ಯಾರೇ ಕಟ್ಟಿಸಿಕೊಡಲಿ. ಸರ್ಕಾರ ಇರಲಿ, ಸಂಸ್ಥೆ ಇರಲಿ. ಕಾಗದ ಬಂದಾಗ ಹೆಬ್ಬೆಟ್ಟು ಒತ್ತಬೇಡಿ. ಮೊದಲು ಓದಿ. ಹೆಸರು ಯಾರದು? ಜಾಗ ಯಾವುದು? ಸಾಲ ಇದ್ದರೆ ಎಷ್ಟು? ತಿಳಿಯದಿದ್ದರೆ ಕೇಳಿ. ಆಮೇಲೆ ಸಹಿ ಹಾಕಿ.

ಗೋಡೆ ಎತ್ತಲು ಮುಯ್ಯಾಳು ಎಲ್ಲಿಂದಲಾದರೂ ಬರಬಹುದು. ಸಹಿ ಹಾಕಲು ಮುಯ್ಯಾಳು ಬರುವುದಿಲ್ಲ. ಅದು ನಿಮ್ಮದೇ ಕೆಲಸ.

ಇವತ್ತು ಮನೆಗೆ ಹೋಗಿ. ಮನೆಯ ಕಾಗದ ತೆಗೆದು ನೋಡಿ. ಅದರಲ್ಲಿ ನಿಮ್ಮ ಹೆಸರು ಇದೆಯೇ?