ಮೈಲಾಪುರದ ಮಾಡಬೀದಿಯೂ ಚೇರಿಯೂ

ಕನ್ನಡದ ‘ಕೇರಿ’ಯೂ ತಮಿಳಿನ ‘ಚೇರಿ’ಯೂ ಒಂದೇ ಮೂಲದಿಂದ ಬಂದ ಶಬ್ದಗಳು. ನಮ್ಮ ‘ಕಿವಿ’ ತಮಿಳಿನಲ್ಲಿ ‘ಚೆವಿ’ ಆಗಿರುವಂತೆ ಇಲ್ಲಿಯೂ ಮೂಲದ ಕಕಾರವು ಚಕಾರವಾಗಿದೆ. ಕನ್ನಡದಲ್ಲಿ ಈ ಶಬ್ದಕ್ಕೆ ಬೀದಿ, ಓಣಿ, ಒಂದು ಕಸುಬಿನವರ ವಾಸಸ್ಥಳ ಎಂಬ ಅರ್ಥಗಳು ಇಂದಿಗೂ ಉಂಟು. ತಮಿಳಿನಲ್ಲಾದರೋ ಅದು ಬಹುಮಟ್ಟಿಗೆ ದಲಿತರ ವಸತಿಗೆ ಸೀಮಿತವಾಗಿ, ಮದರಾಸು ನಗರವು ಬೆಳೆದಂತೆ ಬಡವರ ಗುಡಿಸಲುಗಳ ಸಾಲಿಗೂ ಸಂದಿತು. ಕನ್ನಡದ ‘ಕೊಳೆಗೇರಿ’ ಎಂಬ ಹೊಸ ಶಬ್ದವೂ ಇದೇ ದಾರಿಯನ್ನು ಹಿಡಿದಿದೆ. 2011ರ ಜನಗಣತಿಯ ಪ್ರಕಾರ ಚೆನ್ನೈ ನಗರದ ಜನಸಂಖ್ಯೆಯಲ್ಲಿ ಶೇಕಡಾ 28ಕ್ಕೂ ಹೆಚ್ಚು ಮಂದಿ ಇಂತಹ ವಸತಿಗಳಲ್ಲಿದ್ದರು. ನಗರದ ನಡುವಣ ನೆಲಕ್ಕೆ ಬೆಲೆಯೇರಿದಾಗ ಇವರ ಬಾಳು ಏನಾಗುತ್ತದೆಂಬುದಕ್ಕೆ ಮೈಲಾಪುರವು ಒಳ್ಳೆಯ ನಿದರ್ಶನ.

ಮೈಲಾಪುರವು ಮದರಾಸಿಗಿಂತ ಬಹಳ ಹಿಂದಿನ ಊರು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಅದರ ಕಡಲಂಚಿನ ಸಾಂತೋಮಿನಲ್ಲಿ ನೆಲೆಸಿದರು. 1749ರಲ್ಲಿ ಅದು ಇಂಗ್ಲಿಷರ ವಶವಾಯಿತು. ಮುಂದೆ ಹೈಕೋರ್ಟಿನ ವಕೀಲರೂ ಅಧಿಕಾರಿಗಳೂ ಲಸ್ ಪ್ರದೇಶದಲ್ಲಿ ವಿಶಾಲವಾದ ತೋಟದ ಮನೆಗಳನ್ನು ಕಟ್ಟಿಸಿಕೊಂಡರು. ಕಪಾಲೀಶ್ವರ ದೇವಾಲಯದ ಸುತ್ತಿನ ನಾಲ್ಕು ಮಾಡಬೀದಿಗಳಲ್ಲಿ ಅಂಗಡಿಗಳೂ ಹೆಂಚಿನ ಮನೆಗಳೂ ನೆಲೆನಿಂತವು. ಇವೆರಡರ ಪಕ್ಕದಲ್ಲಿ ಹರಿಯುವುದು ಬಕಿಂಗ್‌ಹ್ಯಾಂ ಕಾಲುವೆ. ಅಡೆಯಾರು ಮತ್ತು ಕೂವಂ ನದಿಗಳನ್ನು ಕೂಡಿಸುವ ಈ ಭಾಗವನ್ನು 1877-78ರ ಅವಧಿಯಲ್ಲಿ, ಮಹಾಕ್ಷಾಮದ ಪರಿಹಾರಕಾರ್ಯವಾಗಿ, ಹಸಿದ ಕೂಲಿಗಳ ಕೈಯಿಂದ ತೋಡಿಸಲಾಯಿತು. ಕಾಲಕ್ರಮದಲ್ಲಿ ಕಾಲುವೆಯ ದಡವೇ ಕೂಲಿಕಾರರ ವಾಸಸ್ಥಳವಾಯಿತು.

ಮಾಡಬೀದಿಗೂ ಕಾಲುವೆಯ ದಡಕ್ಕೂ ಇದ್ದ ಸಂಬಂಧವನ್ನು ದಿನಚರಿಯಿಂದಲೇ ಅರಿಯಬಹುದು. ಮನೆಗೆಲಸದ ಹೆಂಗಸು ಬೆಳಗಿನ ಆರು ಗಂಟೆಗೆ ಹೊರಟು ಮೂರು ನಾಲ್ಕು ಮನೆಗಳಲ್ಲಿ ಅಂಗಳ ಸಾರಿಸಿ, ರಂಗೋಲಿಯಿಟ್ಟು, ಪಾತ್ರೆ ತಿಕ್ಕಿ, ನಡುವೆ ಮನೆಗೆ ಬಂದು ಮಗುವನ್ನು ಶಾಲೆಗೆ ಕಳುಹಿಸಿ, ಸಂಜೆ ನಾಲ್ಕಕ್ಕೆ ಮರಳಿ ಕೆಲಸಕ್ಕೆ ಹೋಗುವಳು. ಹೂಮಾರುವವಳು ಕೋಯಂಬೇಡಿನ ಮಾರುಕಟ್ಟೆಯಿಂದ ಬಂದ ಹೂವನ್ನು ಮನೆಮಂದಿಯೊಡನೆ ಕಟ್ಟಿ ದೇವಾಲಯದ ಬಾಗಿಲಲ್ಲಿ ಕೂರುವಳು. ಇಸ್ತ್ರಿಗಾಡಿಯವನಿಗೆ ಒಂದೇ ಬೀದಿಯ ಮನೆಗಳು ಸಾಕು. ಪಂಗುನಿಯ ಉತ್ಸವದ ಜನಸಂದಣಿಯೂ ನವರಾತ್ರಿಯ ಗೊಂಬೆಗಳ ಮಾರಾಟವೂ ಈ ಜನರಿಗೆ ವರ್ಷದ ಹೆಚ್ಚಿನ ಸಂಪಾದನೆ. ಇವರ ಕೂಲಿ ಅಲ್ಪ. ಆದರೆ ಕೆಲಸದ ಸ್ಥಳಕ್ಕೆ ನಡೆದು ಹೋಗುವಷ್ಟೇ ದೂರ. ಆ ಸಾಮೀಪ್ಯವೇ ಇವರ ಬಂಡವಾಳ. ದೇವಾಲಯದ ಒಳಗೂ ಮನೆಯ ಅಡುಗೆಕೋಣೆಯಲ್ಲೂ ಜಾತಿಯ ಅಂತರವು ಬಹುಕಾಲ ಉಳಿದಿತ್ತೆಂಬುದು ನಿಜ. ಹಾಗಿದ್ದರೂ ಎರಡು ಪಕ್ಷಗಳೂ ಒಂದೇ ಊರಿನಲ್ಲಿದ್ದವು.

ಇತ್ತೀಚಿನ ದಶಕಗಳಲ್ಲಿ ಈ ವ್ಯವಸ್ಥೆ ಸಡಿಲಿತು. 1997ರಲ್ಲಿ ಎತ್ತರಿಸಿದ ರೈಲುಮಾರ್ಗವು ಮೈಲಾಪುರದವರೆಗೆ ಬಂದಿತು. ತೋಟದ ಮನೆಗಳೂ ಹೆಂಚಿನ ಮನೆಗಳೂ ಒಂದೊಂದಾಗಿ ಬಹುಮಹಡಿ ಕಟ್ಟಡಗಳಿಗೆ ಸ್ಥಳ ಬಿಟ್ಟುಕೊಟ್ಟವು. 2019ರ ಕಟ್ಟಡ ನಿಯಮಗಳು ನಿವೇಶನದ ವಿಸ್ತೀರ್ಣಕ್ಕೆ ತಕ್ಕಂತೆ ಕಟ್ಟಬಹುದಾದ ನೆಲದ ಪ್ರಮಾಣವನ್ನು 1.5ರಿಂದ 2ಕ್ಕೆ ಏರಿಸಿದವು. ಅದೇ ವರ್ಷ, ಹಳೆಯ ಬಾಡಿಗೆದಾರರಿಗೆ ರಕ್ಷಣೆಯಾಗಿದ್ದ 1960ರ ಬಾಡಿಗೆ ನಿಯಂತ್ರಣ ಶಾಸನದ ಸ್ಥಾನದಲ್ಲಿ, ಬಾಡಿಗೆಯನ್ನು ಪರಸ್ಪರ ಕರಾರಿಗೆ ಬಿಡುವ 2017ರ ಶಾಸನವು ಜಾರಿಗೆ ಬಂದಿತು. ನೆಲದೊಡೆಯನಿಗೆ ಇವೆಲ್ಲವೂ ಲಾಭ. ಮಾಡಬೀದಿಯ ಹಿತ್ತಿಲಿನ ಒಂದು ಕೋಣೆಯಲ್ಲಿ ಬಾಡಿಗೆಗಿದ್ದ ಅಡುಗೆಯವನಿಗೂ ಕಾಲುವೆಯ ದಡದ ಗುಡಿಸಲಿಗೂ ಇದು ಒತ್ತಡ.

ಸರ್ಕಾರದ ನೀತಿಯಲ್ಲಿಯೂ ಪಲ್ಲಟವಾಯಿತು. 1970ರಲ್ಲಿ ಸ್ಥಾಪಿತವಾದ ತಮಿಳುನಾಡು ಕೊಳೆಗೇರಿ ನಿರ್ಮೂಲನ ಮಂಡಳಿಯು ಮೊದಮೊದಲು ಗುಡಿಸಲುಗಳಿದ್ದಲ್ಲಿಯೇ ಮೂರು ನಾಲ್ಕು ಅಂತಸ್ತಿನ ಮನೆಗಳನ್ನು ಕಟ್ಟಿಸಿಕೊಟ್ಟಿತು. ನಗರದ ನೆಲ ದುಬಾರಿಯಾದಂತೆ ಅದು ದಕ್ಷಿಣದ ಹೊರವಲಯಕ್ಕೆ ತಿರುಗಿತು. 2000ದಿಂದ ಕಣ್ಣಗಿ ನಗರದಲ್ಲಿ 15 ಸಾವಿರಕ್ಕೂ ಹೆಚ್ಚು ಮನೆಗಳು ಎದ್ದವು. ಅನಂತರ ಸೆಮ್ಮಂಚೇರಿ, ಅದಾದ ಮೇಲೆ ಪೆರುಂಬಾಕ್ಕಂ. 2021ರಲ್ಲಿ ಮಂಡಳಿಯ ಹೆಸರಿನಿಂದ ‘ನಿರ್ಮೂಲನ’ವು ಹೋಗಿ ‘ವಾಸಸ್ಥಾನ ಅಭಿವೃದ್ಧಿ’ಯು ಬಂದಿತು.

ಪೆರುಂಬಾಕ್ಕಮಿನ ಎಂಟು ಅಂತಸ್ತಿನ ಕಟ್ಟಡಗಳಲ್ಲಿ ದೊರೆಯುವ ಮನೆ ಗುಡಿಸಲಿಗಿಂತ ಗಟ್ಟಿ; ಶೌಚಗೃಹವೂ ಉಂಟು. ಆದರೆ ಮೈಲಾಪುರಕ್ಕೆ ಅಲ್ಲಿಂದ ಸುಮಾರು 20 ಕಿಲೋಮೀಟರು ದೂರ. ಆ ಹೆಂಗಸು ಈಗ ನಸುಕಿನಲ್ಲಿಯೇ ಹೊರಡಬೇಕು. ನಡುಹಗಲಲ್ಲಿ ಮನೆಗೆ ಬಂದು ಹೋಗುವಂತಿಲ್ಲ. ಸಂಜೆಯ ಕೆಲಸ ಹಿಡಿದರೆ ರಾತ್ರಿಯಾಗುತ್ತದೆ. ಆದ್ದರಿಂದ ನಾಲ್ಕು ಮನೆಗಳಲ್ಲಿ ಎರಡನ್ನು ಬಿಡಬೇಕಾಗುತ್ತದೆ. 2021ರಿಂದ ಸಾಧಾರಣ ದರದ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲವೆಂಬುದು ದೊಡ್ಡ ಉಪಕಾರವೇ ಸರಿ. ಅದು ಹಣವನ್ನು ಉಳಿಸೀತು, ಹೊತ್ತನ್ನು ಉಳಿಸದು.

2022ರ ಏಪ್ರಿಲ್ ಕೊನೆಯಲ್ಲಿ, ಸುಪ್ರೀಂ ಕೋರ್ಟಿನ ಆಜ್ಞೆಯ ಮೇರೆಗೆ, ಮೈಲಾಪುರಕ್ಕೆ ಹೊಂದಿದ ರಾಜಾ ಅಣ್ಣಾಮಲೈಪುರದ ಗೋವಿಂದಸ್ವಾಮಿ ನಗರದಲ್ಲಿ ಕಾಲುವೆದಡದ ಮನೆಗಳನ್ನು ಕೆಡವಲಾರಂಭಿಸಲಾಯಿತು. ನಿವಾಸಿಗಳಿಗೆ ತೋರಿಸಿದ್ದು ಪೆರುಂಬಾಕ್ಕಮನ್ನು. ಮೇ ತಿಂಗಳಲ್ಲಿ ಅಲ್ಲಿಯವರೊಬ್ಬರು ಪ್ರತಿಭಟಿಸಿ ಬೆಂಕಿ ಹಚ್ಚಿಕೊಂಡು ಮೃತರಾದರು. ಆಗ ಮುಖ್ಯಮಂತ್ರಿ ಎಂ. ಕೆ. ಸ್ಟಾಲಿನ್ ಅವರು, ಆ ಜನರಿಗೆ ಸಮೀಪದ ಮಂದವೇಳಿ, ಮೈಲಾಪುರ ಪ್ರದೇಶಗಳಲ್ಲಿಯೇ ಮನೆ ಕೊಡುವುದಾಗಿ ಶಾಸನಸಭೆಯಲ್ಲಿ ಪ್ರಕಟಿಸಿದರು. ಹತ್ತಿರದಲ್ಲಿ ಸ್ಥಳವೇ ಇಲ್ಲವೆಂಬ ಮಾತು ಎಷ್ಟರ ಮಟ್ಟಿಗೆ ನಿಜವೆಂಬುದನ್ನು ಈ ಪ್ರಕಟಣೆಯಿಂದಲೇ ಊಹಿಸಬಹುದು.

ಕಾಲುವೆಯ ದಡವು ಸರ್ಕಾರದ ನೆಲ, ನೆರೆ ಬಂದಾಗ ಅಪಾಯದ ನೆಲ ಎಂಬ ವಾದವನ್ನು ತಳ್ಳಿಹಾಕಲಾಗದು. 2015ರ ನೆರೆಯ ನೆನಪು ಇನ್ನೂ ಹಸಿಯಾಗಿದೆ. ಆದರೆ ಅದೇ ಕಾಲುವೆಯ ಪಾತ್ರದಲ್ಲಿಯೇ ರೈಲುಮಾರ್ಗದ ಕಂಬಗಳು ನಿಂತಿವೆ. ಪೆರುಂಬಾಕ್ಕಮಿನ ಮಗ್ಗುಲಲ್ಲಿಯೇ ಪಳ್ಳಿಕರಣೆಯ ಜೌಗು ಇದೆ. ಬೆಂಗಳೂರಿಗೂ ಇದು ಹೊಸತಲ್ಲ: 2013ರ ಜನವರಿಯಲ್ಲಿ ಕೋರಮಂಗಲದ ಪಕ್ಕದ ಈಜಿಪುರದಿಂದ ಎಬ್ಬಿಸಲ್ಪಟ್ಟವರಲ್ಲಿಯೂ ನೆರೆಮನೆಗಳ ಕೆಲಸವನ್ನೇ ನಂಬಿದ್ದವರು ಬಹುಮಂದಿ. ಬಡವನಿಗೆ ಕೊಡುವ ಮನೆಯನ್ನು ಅದರ ಗೋಡೆಯಿಂದ ಮಾತ್ರವೇ ಅಳೆಯಬಾರದು. ಅಲ್ಲಿಂದ ಅನ್ನದ ಸ್ಥಳಕ್ಕಿರುವ ದೂರವನ್ನೂ ಅಳೆಯಬೇಕು. ಮಾಡಬೀದಿಯ ಹೊಸ ಕಟ್ಟಡಗಳಿಗೂ ಪಾತ್ರೆ ತಿಕ್ಕುವವರು ಬೇಕು, ಹೂ ತರುವವರು ಬೇಕು. ಅವರ ಕೆಲಸಕ್ಕೆ ಊರಿನಲ್ಲಿ ಸ್ಥಳವಿರುವಾಗ ಅವರ ವಾಸಕ್ಕೂ ಸ್ಥಳವಿರುವುದು ನ್ಯಾಯ.