ಸಹಿ ಹಾಕುವ ಮುನ್ನ ಸೊಸೆ ಓದಬೇಕಾದ ಕಾಗದ

ಉತ್ತರ ಕನ್ನಡದ ಕರಾವಳಿಯಿಂದ ಮದುವೆಯಾಗಿ ಹೊರದೇಶಕ್ಕೆ ಹೋಗುವ ಹೆಣ್ಣುಮಕ್ಕಳ ದಾರಿ ಮುಖ್ಯವಾಗಿ ಎರಡು. ಭಟ್ಕಳದ ನವಾಯತ ಮನೆತನಗಳ ಸೊಸೆಯಂದಿರು ದುಬೈ, ಸೌದಿ ಅರೇಬಿಯಾ, ಕತಾರ್‌ಗಳಿಗೆ ತೆರಳುತ್ತಾರೆ. ಹೊನ್ನಾವರ, ಕುಮಟಾ ಕಡೆಯ ಅಡಿಕೆ ತೋಟದ ಮನೆಗಳ ಹೆಣ್ಣುಮಕ್ಕಳು, ಬೆಂಗಳೂರಿನ ಸಾಫ್ಟ್‌ವೇರ್ ಕಂಪೆನಿಗಳ ಮೂಲಕ ಅಮೆರಿಕ ಸೇರಿದ ಹುಡುಗರ ಕೈಹಿಡಿದು ಅಲ್ಲಿಗೆ ಹೋಗುತ್ತಾರೆ. ಪಾಸ್‌ಪೋರ್ಟ್, ವೀಸಾ, ವಿವಾಹ ನೋಂದಣಿ, ಚಿನ್ನ, ಅಪ್ಪೆಮಿಡಿ ಉಪ್ಪಿನಕಾಯಿ ಎಲ್ಲದಕ್ಕೂ ಮನೆಯವರು ಪಟ್ಟಿ ಮಾಡುತ್ತಾರೆ. ಆ ಪಟ್ಟಿಯಲ್ಲಿ ಎಂದೂ ಸೇರದ ಸಂಗತಿ ಆದಾಯ ತೆರಿಗೆ. ‘ಅವಳಿಗೆ ಸಂಬಳವೇ ಇಲ್ಲ, ತೆರಿಗೆ ಎಲ್ಲಿಂದ ಬರಬೇಕು?’ ಎಂಬುದು ನಮ್ಮೆಲ್ಲರ ತರ್ಕ. ತೆರಿಗೆ ಕಾಯ್ದೆಗಳ ತರ್ಕ ಹಾಗಿಲ್ಲ.

ಸರ್ಕಾರಿ ಸೇವೆಯಿಂದ ನಿವೃತ್ತನಾಗಿ ಕುಮಟಾದಲ್ಲಿ ನೆಲೆಸಿದ ಮೇಲೆ, ಅರ್ಥಶಾಸ್ತ್ರ ಓದಿದವನೆಂಬ ಒಂದೇ ಕಾರಣಕ್ಕೆ ಇಂಥ ಪ್ರಶ್ನೆಗಳು ನನ್ನ ಬಳಿಗೂ ಬರುತ್ತವೆ. ಕಳೆದ ಫೆಬ್ರುವರಿಯಲ್ಲಿ ಹೊನ್ನಾವರ ತಾಲ್ಲೂಕಿನ ಬಂಧುಗಳ ಮಗಳೊಬ್ಬಳು ಅಮೆರಿಕದಿಂದ ಫೋನ್ ಮಾಡಿದ್ದಳು. ಹಿಂದಿನ ಸೆಪ್ಟೆಂಬರ್‌ನಲ್ಲಷ್ಟೇ ಅಲ್ಲಿಗೆ ಹೋದವಳು. ಗಂಡನ ರಿಟರ್ನ್ ಜೊತೆಗೆ ಲಗತ್ತಿಸಲು ಒಂದು ಹೇಳಿಕೆಗೆ ಸಹಿ ಬೇಕೆಂದು ತೆರಿಗೆ ಸಲಹೆಗಾರರು ಹೇಳಿದ್ದರು. ದುಡಿಯದ ತನ್ನ ಸಹಿ ಏಕೆ ಬೇಕು ಎಂಬುದು ಅವಳ ಪ್ರಶ್ನೆ. ತೀರಾ ಸಹಜವಾದ ಆ ಪ್ರಶ್ನೆಗೆ ಉತ್ತರ ಸ್ವಲ್ಪ ದೀರ್ಘವಾದದ್ದು.

ಅಮೆರಿಕದಲ್ಲಿ ತೆರಿಗೆ ವರ್ಷ ಜನವರಿಯಿಂದ ಡಿಸೆಂಬರ್‌ವರೆಗೆ. ರಿಟರ್ನ್ ಸಲ್ಲಿಸಲು ಸಾಮಾನ್ಯವಾಗಿ ಏಪ್ರಿಲ್ 15 ಕೊನೆಯ ದಿನ. ಡಿಸೆಂಬರ್ 31ರಂದು ಮದುವೆಯಾಗಿದ್ದರೆ ಆ ಇಡೀ ವರ್ಷಕ್ಕೆ ವಿವಾಹಿತರೆಂದೇ ಲೆಕ್ಕ. ಆದರೆ ವಿದೇಶಿ ಪ್ರಜೆ ತೆರಿಗೆಯ ದೃಷ್ಟಿಯಿಂದ ‘ನಿವಾಸಿ’ ಎನಿಸಿಕೊಳ್ಳಲು ಹಸಿರು ಕಾರ್ಡ್ ಇರಬೇಕು, ಇಲ್ಲವೇ ದಿನಗಳ ಲೆಕ್ಕ ಒದಗಿಬರಬೇಕು. ಈ ವರ್ಷ ಅಲ್ಲಿದ್ದ ದಿನಗಳು, ಹಿಂದಿನ ವರ್ಷದ್ದರ ಮೂರನೆಯ ಒಂದು, ಅದರ ಹಿಂದಿನದರ ಆರನೆಯ ಒಂದು ಭಾಗ ಸೇರಿ 183 ಆಗಬೇಕು. ಸೆಪ್ಟೆಂಬರ್ 1ರಂದು ಮೊದಲ ಬಾರಿ ಕಾಲಿಟ್ಟವಳಿಗೆ ವರ್ಷಾಂತ್ಯಕ್ಕೆ ಸಿಗುವುದು 122 ದಿನ ಮಾತ್ರ. ಹಾಗಾಗಿ ಮೊದಲ ವರ್ಷ ಅವಳು ‘ಅನಿವಾಸಿ’. ಅನಿವಾಸಿ ಹೆಂಡತಿಯೊಡನೆ ಗಂಡ ಜಂಟಿ ರಿಟರ್ನ್ ಸಲ್ಲಿಸಲಾರ. ತನ್ನನ್ನೂ ನಿವಾಸಿಯೆಂದು ಪರಿಗಣಿಸಬೇಕೆಂದು ಅವಳೇ ಒಪ್ಪಿ, ಇಬ್ಬರೂ ಸಹಿ ಮಾಡಿದ ಹೇಳಿಕೆ ಲಗತ್ತಿಸಿದರೆ ಮಾತ್ರ ಸಾಧ್ಯ. ಆ ಹುಡುಗಿಯ ಮುಂದಿದ್ದ ಕಾಗದ ಇದೇ.

ಈ ಸಹಿಯ ಬೆಲೆ ಎಷ್ಟು? 2025ರ ದರಗಳನ್ನೇ ತೆಗೆದುಕೊಳ್ಳೋಣ. ಗಂಡನ ಸಂಬಳ ವರ್ಷಕ್ಕೆ 1,20,000 ಡಾಲರ್, ಬೇರೆ ಆದಾಯವಿಲ್ಲ ಎಂದಿಟ್ಟುಕೊಳ್ಳಿ. ಅವನು ಪ್ರತ್ಯೇಕವಾಗಿ ಸಲ್ಲಿಸಿದರೆ ಪ್ರಮಾಣಿತ ಕಡಿತ 15,750 ಡಾಲರ್. ಫೆಡರಲ್ ತೆರಿಗೆ ಸುಮಾರು 17,870 ಡಾಲರ್. ಜಂಟಿಯಾಗಿ ಸಲ್ಲಿಸಿದರೆ ಕಡಿತ 31,500 ಡಾಲರ್. ತೆರಿಗೆಯ ಹಂತಗಳೂ ವಿಸ್ತಾರವಾಗಿ ತೆರಿಗೆ ಸುಮಾರು 10,140 ಡಾಲರಿಗೆ ಇಳಿಯುತ್ತದೆ. ಉಳಿತಾಯ 7,700 ಡಾಲರಿಗೂ ಹೆಚ್ಚು. ಬಿಡಿಗಾಸು ದುಡಿಯದ ಹೆಂಡತಿಯ ಒಂದು ಸಹಿಯಿಂದ ಸಂಸಾರಕ್ಕೆ ಬರುವ ಲಾಭವಿದು. ಆದ್ದರಿಂದ ಸಹಿ ಹಾಕಬಾರದೆಂದು ನಾನು ಹೇಳುತ್ತಿಲ್ಲ. ಬಹುಪಾಲು ಸಂಸಾರಗಳಿಗೆ ಅದೇ ಸರಿಯಾದ ದಾರಿ. ಆದರೆ ಆ ಸಹಿಯ ಜೊತೆಗೆ ಬರುವ ಹೊಣೆಗಳು ಏನೆಂಬುದನ್ನು ಅವಳು ತಿಳಿದಿರಬೇಕು.

ಮೊದಲನೆಯದು, ಜಂಟಿ ರಿಟರ್ನ್‌ನ ತೆರಿಗೆ, ಬಡ್ಡಿ, ದಂಡಗಳಿಗೆ ಇಬ್ಬರೂ ಜೊತೆಯಾಗಿಯೂ ಒಬ್ಬೊಬ್ಬರಾಗಿಯೂ ಪೂರ್ತಿ ಹೊಣೆಗಾರರು. ಗಂಡ ಯಾವುದೋ ಆದಾಯ ಮುಚ್ಚಿಟ್ಟಿದ್ದರೆ ಬಾಕಿಯನ್ನೆಲ್ಲ ಹೆಂಡತಿಯಿಂದಲೇ ವಸೂಲು ಮಾಡಬಹುದು. ವಿಚ್ಛೇದನವಾದರೂ ಆ ಹೊಣೆ ಕಳಚುವುದಿಲ್ಲ. ಏನೂ ತಿಳಿಯದೆ ಸಹಿ ಹಾಕಿದ ಸಂಗಾತಿಗೆ ವಿನಾಯಿತಿ ನೀಡುವ ವ್ಯವಸ್ಥೆಯನ್ನು 1998ರ ಕಾನೂನು ವಿಸ್ತರಿಸಿದೆ. ಆದರೆ ಅದಕ್ಕೆ ಅರ್ಜಿ ಹಾಕಿ, ತನಗೆ ತಿಳಿದಿರಲಿಲ್ಲ, ತಿಳಿಯುವ ಕಾರಣವೂ ಇರಲಿಲ್ಲ ಎಂಬುದನ್ನು ಅವಳೇ ತೋರಿಸಬೇಕು.

ಎರಡನೆಯದು, ಆ ಸಹಿಯಿಂದ ಅವಳ ಜಗತ್ತಿನಾದ್ಯಂತದ ಆದಾಯ, ಅದೂ ಇಡೀ ವರ್ಷದ್ದು, ಅಮೆರಿಕದ ತೆರಿಗೆಯ ವ್ಯಾಪ್ತಿಗೆ ಬರುತ್ತದೆ. ಹೊನ್ನಾವರದ ಹುಡುಗಿಗೆ ಜಗತ್ತಿನಾದ್ಯಂತ ಏನಿದ್ದೀತು ಎಂದು ನಗಬೇಡಿ. ತಂದೆ ಅವಳ ಹೆಸರಿನಲ್ಲಿ ಸೇವಾ ಸಹಕಾರಿ ಸಂಘದಲ್ಲಿ ಇಟ್ಟ ಠೇವಣಿಯ ಬಡ್ಡಿ, ಪಿಪಿಎಫ್ ಬಡ್ಡಿ, ಬೆಂಗಳೂರಿನಲ್ಲಿ ಎರಡು ವರ್ಷ ದುಡಿದಾಗ ಕಟ್ಟಿದ ಮ್ಯೂಚುವಲ್ ಫಂಡ್ ಎಲ್ಲವೂ ಇದರಲ್ಲಿ ಸೇರುತ್ತವೆ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ನಂತರ ಪಿತ್ರಾರ್ಜಿತ ತೋಟದಲ್ಲೂ ಮಗಳಿಗೆ ಸಮಪಾಲು. ಕೃಷಿ ಆದಾಯಕ್ಕೆ ನಮ್ಮ ಕೇಂದ್ರ ಸರ್ಕಾರದ ಆದಾಯ ತೆರಿಗೆ ಇಲ್ಲ; ಅಮೆರಿಕದ ಕಾಯ್ದೆಗೆ ಆ ವಿನಾಯಿತಿ ಗೊತ್ತಿಲ್ಲ. ಪಿಪಿಎಫ್ ಬಡ್ಡಿಯ ವಿಷಯವೂ ಹಾಗೆಯೇ. ಭಾರತದಲ್ಲಿ ತೆರಿಗೆ ಕಟ್ಟಿದ್ದರೆ 1989ರ ಭಾರತ–ಅಮೆರಿಕ ಒಪ್ಪಂದದಂತೆ ಅದನ್ನು ಅಲ್ಲಿ ವಜಾ ಮಾಡಿಕೊಳ್ಳಬಹುದು. ಇಲ್ಲಿ ತೆರಿಗೆಯೇ ಇಲ್ಲದ ಆದಾಯಕ್ಕೆ ವಜಾ ಮಾಡಲು ಏನೂ ಇರುವುದಿಲ್ಲ. ನಮ್ಮ ಮ್ಯೂಚುವಲ್ ಫಂಡ್‌ಗಳನ್ನಂತೂ ಅಲ್ಲಿಯ ಕಾಯ್ದೆ ಹೆಚ್ಚು ಕಠಿಣವಾದ ವಿಶೇಷ ನಿಯಮಗಳಡಿ ನೋಡುತ್ತದೆ.

ದಿನಗಳ ಲೆಕ್ಕದಿಂದಲೇ ನಿವಾಸಿಯಾಗುವ ಮುಂದಿನ ವರ್ಷದಿಂದ ಇನ್ನೊಂದು ಕರ್ತವ್ಯ ಸೇರುತ್ತದೆ. ಹೊರದೇಶದ ಖಾತೆಗಳೆಲ್ಲದರ ಮೊತ್ತ ವರ್ಷದ ಯಾವುದೇ ದಿನ 10,000 ಡಾಲರ್ ದಾಟಿದರೆ ಎಫ್‌ಬಿಎಆರ್ ಎಂಬ ಪ್ರತ್ಯೇಕ ವರದಿ ಸಲ್ಲಿಸಬೇಕು. ಅಪ್ಪನೊಡನೆ ಇರುವ ಜಂಟಿ ಖಾತೆಯೂ ಇದರಲ್ಲಿ ಸೇರುತ್ತದೆ. ಮೈಮೇಲಿನ ಚಿನ್ನ ಸೇರುವುದಿಲ್ಲ. ಉದ್ದೇಶವಿಲ್ಲದೆ ತಪ್ಪಿದರೂ ದಂಡವುಂಟು. ಆ ದಂಡವನ್ನು ಖಾತೆಗೊಂದರಂತಲ್ಲ, ವರದಿಗೊಂದರಂತೆ ಎಣಿಸಬೇಕೆಂದು ಅಮೆರಿಕದ ಸುಪ್ರೀಂ ಕೋರ್ಟ್ 2023ರಲ್ಲಿ ತೀರ್ಪು ನೀಡಿದ್ದೊಂದು ಸಮಾಧಾನ.

ಮೂರನೆಯ ತೊಡಕು ಗುರುತಿನದು. ಅವಲಂಬಿತ ಎಚ್-4 ವೀಸಾದವಳಿಗೆ ದುಡಿಯುವ ಪರವಾನಗಿ ಇಲ್ಲದಿದ್ದರೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಸಿಗದು. ಆ ಪರವಾನಗಿಯೂ 2015ರ ಮೇ ತಿಂಗಳಿಂದೀಚೆಗೆ, ಹಸಿರು ಕಾರ್ಡಿನ ದಾರಿಯಲ್ಲಿ ಸಾಕಷ್ಟು ಮುಂದೆ ಸಾಗಿದವರ ಸಂಗಾತಿಗಳಿಗೆ ಮಾತ್ರ. ಉಳಿದವರು ಡಬ್ಲ್ಯು-7 ಅರ್ಜಿಯ ಮೂಲಕ ಐಟಿಐಎನ್ ಎಂಬ ತೆರಿಗೆ ಸಂಖ್ಯೆ ಪಡೆಯಬೇಕು. ಅದಕ್ಕೆ ಮೂಲ ಪಾಸ್‌ಪೋರ್ಟ್ ಅಥವಾ ಪಾಸ್‌ಪೋರ್ಟ್ ನೀಡಿದ ಸಂಸ್ಥೆಯೇ ದೃಢೀಕರಿಸಿದ ಪ್ರತಿ ಬೇಕು. ನೋಟರಿಯ ಮುದ್ರೆ ನಡೆಯದು. ಹೊಸ ದೇಶದಲ್ಲಿ ತನ್ನದೆಂದು ಇರುವ ಒಂದೇ ಗುರುತಿನ ಪುಸ್ತಕವನ್ನು ಅಂಚೆಗೆ ಹಾಕಿ ವಾರಗಟ್ಟಲೆ ಕಾಯುವುದು ಜಾಣತನವಲ್ಲ. ತೆರಿಗೆ ಇಲಾಖೆಯಿಂದ ಮಾನ್ಯತೆ ಪಡೆದ ಏಜೆಂಟರು ಪಾಸ್‌ಪೋರ್ಟನ್ನು ಪರಿಶೀಲಿಸಿ ಕೂಡಲೇ ಹಿಂದಿರುಗಿಸುತ್ತಾರೆ. ಆ ದಾರಿ ಹಿಡಿಯುವುದು ಲೇಸು. ಈ ಸಂಖ್ಯೆ ಬರೀ ಅಂಕಿಯಲ್ಲ ಎಂಬುದು 2020ರ ಕೋವಿಡ್ ಕಾಲದಲ್ಲಿ ಅನೇಕರಿಗೆ ಅರಿವಾಯಿತು. ಆ ವರ್ಷದ ಮಾರ್ಚ್‌ನ ಪರಿಹಾರ ಕಾನೂನಿನಂತೆ ಜಂಟಿ ರಿಟರ್ನ್‌ನಲ್ಲಿ ಒಬ್ಬರದು ಐಟಿಐಎನ್ ಆಗಿದ್ದರೆ, ಸೈನಿಕರ ಕುಟುಂಬಗಳ ಹೊರತು, ಇಬ್ಬರಿಗೂ ನೆರವು ಇರಲಿಲ್ಲ. ಡಿಸೆಂಬರ್‌ನಲ್ಲಿ ಇನ್ನೊಂದು ಕಾನೂನು ಬಂದು ಅದನ್ನು ಭಾಗಶಃ ಸರಿಪಡಿಸಿತು.

ಜಂಟಿ ರಿಟರ್ನ್ ಹೆಣ್ಣಿನ ಗೌರವಕ್ಕಾಗಿ ಹುಟ್ಟಿದ ವ್ಯವಸ್ಥೆಯಲ್ಲ. ವಾಷಿಂಗ್ಟನ್, ಕ್ಯಾಲಿಫೋರ್ನಿಯಾ, ಟೆಕ್ಸಸ್‌ನಂಥ ರಾಜ್ಯಗಳಲ್ಲಿ ಮದುವೆಯ ನಂತರದ ಗಳಿಕೆ ಗಂಡ ಹೆಂಡಿರಿಬ್ಬರಿಗೂ ಸಮ. ಹೀಗಾಗಿ ಅಲ್ಲಿಯ ದಂಪತಿಗಳು ಆದಾಯವನ್ನು ಅರ್ಧರ್ಧ ಹಂಚಿ ತೋರಿಸಬಹುದೆಂದು ಅಮೆರಿಕದ ಸುಪ್ರೀಂ ಕೋರ್ಟ್ 1930ರಲ್ಲಿ ಒಪ್ಪಿತು. ಉಳಿದ ರಾಜ್ಯಗಳ ಗಂಡಂದಿರಿಗೆ ಇದು ಅನ್ಯಾಯವೆನಿಸಿತು. 1948ರಲ್ಲಿ ದೇಶಕ್ಕೆಲ್ಲ ಅನ್ವಯವಾಗುವಂತೆ ಈ ಲಾಭವನ್ನು ವಿಸ್ತರಿಸಲಾಯಿತು. ಇಂಥ ಹಂಚಿಕೆಯ ಉದಾಹರಣೆ ನಮ್ಮ ಜಿಲ್ಲೆಯ ನೆರೆಯಲ್ಲೇ ಇದೆ. ಪೋರ್ಚುಗೀಸ್ ನಾಗರಿಕ ಸಂಹಿತೆ ಉಳಿದಿರುವ ಗೋವಾದಲ್ಲಿ ಸಂಬಳ ಬಿಟ್ಟು ಉಳಿದ ಆದಾಯವನ್ನು ದಂಪತಿಗಳ ನಡುವೆ ಸಮವಾಗಿ ಹಂಚಿ ತೆರಿಗೆ ಹಾಕಲಾಗುತ್ತದೆ. ಕಾಳಿ ನದಿಯ ಈಚೆ, ಕಾರವಾರದಿಂದ ಭಟ್ಕಳದವರೆಗೆ, ಪ್ರತಿಯೊಬ್ಬರೂ ಬೇರೆ ಬೇರೆ ತೆರಿಗೆದಾರರು. ಅಷ್ಟೇ ಅಲ್ಲ, ಗಂಡ ಹೆಂಡತಿಗೆ ಕೊಟ್ಟ ಆಸ್ತಿಯಿಂದ ಬಂದ ಆದಾಯವನ್ನು ಗಂಡನ ಲೆಕ್ಕಕ್ಕೇ ಸೇರಿಸಲಾಗುತ್ತದೆ.

ಇಲ್ಲಿಗೆ ಭಟ್ಕಳದ ಮಾತು. ಕೊಲ್ಲಿಯಲ್ಲಿ ಸಂಬಳದ ಮೇಲೆ ತೆರಿಗೆಯಿಲ್ಲ. ಒಮಾನ್ ಮಾತ್ರ 2028ರಿಂದ 42,000 ರಿಯಾಲ್ ಮೀರಿದ ವಾರ್ಷಿಕ ಆದಾಯಕ್ಕೆ ಶೇ 5ರ ತೆರಿಗೆಯನ್ನು ಘೋಷಿಸಿದೆ. ಹಾಗಾಗಿ ದುಬೈಗೆ ಹೋದ ಸೊಸೆಗೆ ತೆರಿಗೆಯ ಚಿಂತೆಯೇ ಇಲ್ಲವೆಂದು ಭಾವಿಸುತ್ತಾರೆ. ತೊಡಕು ಇರುವುದು ಅಲ್ಲಲ್ಲ, ಅವಳು ಬಿಟ್ಟುಹೋದ ದೇಶದ ಕಾಯ್ದೆಯಲ್ಲಿ. ನಮ್ಮ ಕಾಯ್ದೆಯಂತೆ ಆರ್ಥಿಕ ವರ್ಷದಲ್ಲಿ 60 ದಿನ, ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಇಲ್ಲಿದ್ದವರು ಭಾರತದ ನಿವಾಸಿಗಳು. ಉದ್ಯೋಗಕ್ಕಾಗಿ ಹೊರದೇಶಕ್ಕೆ ಹೊರಡುವ ಭಾರತೀಯ ಪ್ರಜೆಗೆ ಮಾತ್ರ ಆ 60 ದಿನ 182 ಆಗುತ್ತದೆ. ಸೆಪ್ಟೆಂಬರ್ 1ರ ಒಂದೇ ವಿಮಾನದಲ್ಲಿ ಅಣ್ಣ ಕೆಲಸಕ್ಕೆಂದು, ತಂಗಿ ಗಂಡನ ಮನೆಗೆಂದು ಹೊರಟರೆನ್ನಿ. ಏಪ್ರಿಲ್‌ನಿಂದ ಇಬ್ಬರೂ ಇಲ್ಲಿದ್ದದ್ದು 153 ದಿನ. ಆ ವರ್ಷಕ್ಕೆ ಅಣ್ಣ ಅನಿವಾಸಿ. ಕಾಯ್ದೆಯ ಮಾತನ್ನು ಹಾಗೆಯೇ ಓದಿದರೆ ತಂಗಿ ನಿವಾಸಿ. 1961ರ ಕಾಯ್ದೆಯ ಬದಲಿಗೆ ರೂಪುಗೊಂಡ 2025ರ ಕಾಯ್ದೆಯೂ ಈ ಭೇದವನ್ನು ಉಳಿಸಿಕೊಂಡಿದೆ.

ಇದು ಬರೀ ಪಾಂಡಿತ್ಯದ ಪ್ರಶ್ನೆಯಲ್ಲ. ಪೂರ್ಣ ನಿವಾಸಿಯಾದವರು ಹೊರದೇಶದ ಖಾತೆ, ಆಸ್ತಿಗಳಿದ್ದರೆ ಆದಾಯವಿಲ್ಲದಿದ್ದರೂ ಇಲ್ಲಿ ರಿಟರ್ನ್ ಸಲ್ಲಿಸಿ ಅವುಗಳನ್ನು ತೋರಿಸಬೇಕು. ಗಂಡ ಪ್ರೀತಿಯಿಂದ ತನ್ನ ದುಬೈ ಖಾತೆಗೋ ಅಮೆರಿಕದ ಖಾತೆಗೋ ಡಿಸೆಂಬರ್ ಒಳಗೆ ಅವಳ ಹೆಸರು ಸೇರಿಸಿದ್ದರೆ ಆ ವಿವರವನ್ನು ಅವಳು ಕೊಡಬೇಕು. ತಪ್ಪಿದರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ವಿಧಿಸಬಹುದು. 2024ರ ಅಕ್ಟೋಬರ್‌ನಿಂದ, ಒಟ್ಟು 20 ಲಕ್ಷ ರೂಪಾಯಿವರೆಗಿನ ಚರ ಆಸ್ತಿಗೆ ಈ ದಂಡವಿಲ್ಲ. ಜಂಟಿ ಹೆಸರಿನ ಫ್ಲಾಟಿಗೆ ಆ ರಕ್ಷಣೆ ಇಲ್ಲ. ಕಾಳಧನಿಕರಿಗಾಗಿ ಹೆಣೆದ ಬಲೆಯಲ್ಲಿ ನವವಧು ಸಿಕ್ಕಿಬೀಳುವುದು ಯಾವ ನೀತಿ? ಸಂಗಾತಿಯಾಗಿ ನೆಲೆಸಲು ಹೋಗುವವರಿಗೂ 182 ದಿನಗಳ ನಿಯಮವನ್ನೇ ಅನ್ವಯಿಸುವುದು ಒಂದು ವಾಕ್ಯದ ತಿದ್ದುಪಡಿ. ಸಂಸತ್ತು ಅದನ್ನು ಮಾಡಬೇಕು.

ಅಲ್ಲಿಯವರೆಗೆ ಮನೆಯವರು ಮಾಡಬಹುದಾದದ್ದು ಇದೆ. ಹೊರಡುವ ಮೊದಲು ಅವಳ ಹೆಸರಿನ ಠೇವಣಿ, ಖಾತೆ, ಫಂಡ್, ಜಮೀನಿನ ಪಾಲು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಡಿ. ವಿಮಾನ ಹತ್ತಿದ ದಿನಾಂಕವನ್ನು ಗುರುತು ಹಾಕಿಡಿ. ನೆಲೆಸಲು ಹೋದ ಮೇಲೆ ಊರಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಾಯಿಸಲು ಬ್ಯಾಂಕಿಗೆ ತಿಳಿಸಿ. ಪ್ಯಾನ್ ಅವಳ ಕೈಯಲ್ಲೇ ಇರಲಿ. ಅವಳು ಸಹಿ ಹಾಕಿದ ಪ್ರತಿ ರಿಟರ್ನ್‌ನ ಪೂರ್ಣ ಪ್ರತಿಯೊಂದು ಅವಳ ಬಳಿಯೂ ಇರಬೇಕು. ಹಸಿರು ಕಾರ್ಡಿನ ವೇಳೆ ಅದು ಸಂಸಾರದ ಸಾಕ್ಷಿ. ವಿರಸದ ವೇಳೆ ಗಂಡನ ಆದಾಯದ ಸಾಕ್ಷಿ. ಸಹಿಗೆ ಮುನ್ನ ಕಾಗದ ಓದಲು ಸಮಯ ಕೇಳುವುದನ್ನು ಗಂಡನ ಮೇಲಿನ ಅವಿಶ್ವಾಸವೆಂದು ಯಾರೂ ತಿಳಿಯಬಾರದು. ಆ ಹೊಸ ದೇಶದ ಸರ್ಕಾರದೊಡನೆ ಅವಳು ಮಾಡಿಕೊಳ್ಳುವ ಮೊದಲ ಕರಾರು ಅದು. ಕರಾರನ್ನು ಓದುವ ಹಕ್ಕು ಕರಾರಿಗೆ ಸಹಿ ಹಾಕುವವಳದು.