ಡಿಮ್ ಹಾಕಿದ್ರೂ ಕಣ್ಣಿಗೆ ಯಾಕೆ ಹೊಡೆಯುತ್ತೆ? ನಿಮ್ಮ ಅಂಗಡಿ ಶಟರ್ ಮೇಲೇ ನೋಡಿ

ಹೊಸಪೇಟೆ: ಕತ್ತಲಾದ ಮೇಲೆ ಚಿತ್ತವಾಡ್ಗಿ ಕಡೆಯಿಂದ ಊರೊಳಗೆ ಬೈಕಿನಲ್ಲಿ ಬರುವವರಿಗೆ ಇದು ಗೊತ್ತಿರುವ ಕಷ್ಟ. ಎದುರಿಗೆ ಕಾರು ಬರುತ್ತೆ, ಡ್ರೈವರ್ ಮರ್ಯಾದೆಯಿಂದ ಡಿಮ್ ಕೂಡ ಹಾಕಿರ್ತಾನೆ, ಆದರೂ ಎರಡು ಸೆಕೆಂಡ್ ಏನೂ ಕಾಣಲ್ಲ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಎರಡು ಸೆಕೆಂಡ್ ಅಂದ್ರೆ 33 ಮೀಟರ್. ಅಷ್ಟು ದೂರದಲ್ಲಿ ಹಿಂದೆ ಲೈಟಿಲ್ಲದ ಟ್ರ್ಯಾಕ್ಟರ್ ಟ್ರೇಲರ್ ನಿಂತಿರಬಹುದು, ರಸ್ತೆ ದಾಟುವ ಮುದುಕಿ ಇರಬಹುದು.

ಡಿಮ್ ಅಂದ್ರೆ ಬೆಳಕು ಕಡಿಮೆ ಆಗೋದು ಅಂತ ಬಹಳ ಜನ ತಿಳ್ಕೊಂಡಿದ್ದಾರೆ. ಹಾಗಲ್ಲ. ಸಾಮಾನ್ಯ ಎಚ್‌4 ಹ್ಯಾಲೊಜೆನ್ ಬಲ್ಬಿನ ಮೇಲೆ 60/55 ವ್ಯಾಟ್ ಅಂತ ಬರೆದಿರುತ್ತೆ. ಒಳಗೆ ಎರಡು ತಂತಿ: ಫುಲ್ ಲೈಟಿಗೆ 60 ವ್ಯಾಟಿನದು, ಡಿಮ್ಮಿಗೆ 55 ವ್ಯಾಟಿನದು. ವ್ಯತ್ಯಾಸ ಬರೀ 5 ವ್ಯಾಟ್. ಅಸಲಿ ಕೆಲಸ ಮಾಡೋದು ಡಿಮ್ ತಂತಿಯ ಕೆಳಗಿರುವ ಉಗುರಿಗಿಂತ ಚಿಕ್ಕ ಲೋಹದ ತಟ್ಟೆ. ತಂತಿಯಿಂದ ಕೆಳಗೆ ಹೋಗಿ, ಪ್ರತಿಫಲಕದ ಕೆಳಭಾಗಕ್ಕೆ ಬಡಿದು, ಮೇಲಕ್ಕೆ ಚಿಮ್ಮಬೇಕಿದ್ದ ಬೆಳಕನ್ನು ಅದು ತಡೆಯುತ್ತೆ. ಹಾಗಾಗಿ ಬೆಳಕು ರಸ್ತೆಗೆ ಬೀಳುತ್ತೆ, ಎದುರಿನವನ ಮುಖಕ್ಕಲ್ಲ.

ತಟ್ಟೆಯ ಒಂದು ಅಂಚು ಓರೆಯಾಗಿರುತ್ತೆ. ನಾವು ಎಡಕ್ಕೆ ಓಡಿಸುವವರು, ಅದಕ್ಕೇ ಎಡಪಕ್ಕದ ಬೆಳಕು ಸ್ವಲ್ಪ ಮೇಲೇರಿ ರಸ್ತೆಯಂಚಿನ ಜನರನ್ನು ತೋರಿಸುತ್ತೆ. ಎದುರಿನ ವಾಹನ ಬರುವ ಬಲಪಕ್ಕ ತಗ್ಗಿರುತ್ತೆ. ಪ್ರೊಜೆಕ್ಟರ್ ಲೈಟುಗಳಲ್ಲಿ ಇದೇ ಕೆಲಸವನ್ನು ಗುಂಡು ಲೆನ್ಸಿನ ಹಿಂದಿರುವ ತಗಡು ಮಾಡುತ್ತೆ.

ಹಾಳಾಗೋದು ಎಲ್ಲಿ ಅಂದ್ರೆ, ಈ ಹ್ಯಾಲೊಜೆನ್ ಬುಂಡೆಯೊಳಗೆ ಎಲ್‌ಇಡಿ ಬಲ್ಬ್ ತುರುಕಿದಾಗ. ಪ್ರತಿಫಲಕವನ್ನು ತಂತಿ ಇರುವ ಜಾಗಕ್ಕೆ ಅಳತೆ ಹಿಡಿದು ಮಾಡಿರ್ತಾರೆ. ಎಲ್‌ಇಡಿಯಲ್ಲಿ ತಂತಿ ಇಲ್ಲ; ಒಂದು ಪಟ್ಟಿಯ ಎರಡು ಮಗ್ಗುಲಿಗೆ ಚಿಪ್ ಅಂಟಿಸಿರುತ್ತೆ. ಬೆಳಕು ಹೊರಡುವ ಜಾಗ ಒಂದೆರಡು ಮಿಲಿಮೀಟರ್ ಸರಿದರೂ ಸಾಕು, ಮೇಲಿನ ಗೆರೆ ಕದಡಿಹೋಗುತ್ತೆ. ಕಾರಿನವನಿಗೆ ಮುಂದೆ ಬೆಳ್ಳಗೆ ಹಾಲು ಚೆಲ್ಲಿದಂಗೆ ಕಾಣುತ್ತೆ, ಖುಷಿ ಆಗ್ತಾನೆ. ಆ ಬೆಳಕಿನಲ್ಲಿ ಎಷ್ಟೋ ಪಾಲು ರಸ್ತೆಗೆ ಬಿದ್ದಿರೋದೇ ಇಲ್ಲ. ಕಂಪನಿಯವರೇ ಎಲ್‌ಇಡಿಗೆ ಅಂತ ಮಾಡಿದ ಹೆಡ್‌ಲೈಟಿನ ಮಾತು ಬೇರೆ, ಅದರ ಪ್ರತಿಫಲಕವೇ ಬೇರೆ. ಬಲ್ಬ್ ಮಾರುವ ಅಂಗಡಿಯವರು ಇಷ್ಟನ್ನು ಗಿರಾಕಿಗೆ ಹೇಳಿದರೆ ವ್ಯಾಪಾರಕ್ಕೆ ಅಂಥ ನಷ್ಟವೇನೂ ಆಗಲ್ಲ.

ಕಾನೂನೂ ವ್ಯಾಟ್ ಲೆಕ್ಕದ ಮೇಲೆ ನಿಂತಿಲ್ಲ, ಕಣ್ಣಿನ ಮೇಲೆ ನಿಂತಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮ ನೋಡಿ: ಲೈಟಿನಿಂದ 8 ಮೀಟರ್ ಮುಂದೆ, ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣಿರುವವನಿಗೆ ಬೆಳಕು ಕುಕ್ಕಬಾರದು. 2024ರ ಜುಲೈನಲ್ಲಿ ಆಗಿನ ಎಡಿಜಿಪಿ ಅಲೋಕ್ ಕುಮಾರ್ ಅವರ ಸೂಚನೆಯಂತೆ ರಾಜ್ಯದಾದ್ಯಂತ ಕಣ್ಣು ಕುಕ್ಕುವ ಲೈಟುಗಳ ಮೇಲೆ ಪೊಲೀಸರು ಕೇಸ್ ಹಾಕಿದ್ದು ಹಲವರಿಗೆ ನೆನಪಿರಬಹುದು. ಮೋಟಾರು ವಾಹನ ಕಾಯ್ದೆಯ 177ನೇ ಕಲಂ ಪ್ರಕಾರ ದಂಡ ಮೊದಲ ಸಲ 500 ರೂ., ಮತ್ತೆ ಸಿಕ್ಕಿಬಿದ್ದರೆ 1,500 ರೂ. ವರೆಗೆ.

ಬಲ್ಬ್ ಸರಿ ಇದ್ದರೂ ಲೈಟು ಎತ್ತಿ ನಿಂತಿರಬಹುದು. ಇದನ್ನು ನೋಡೋಕೆ ಗ್ಯಾರೇಜ್ ಬೇಕಿಲ್ಲ. ರಾತ್ರಿ ಬಾಗಿಲು ಹಾಕಿದ ಮೇಲೆ ಸಪಾಟು ನೆಲದಲ್ಲಿ, ಅಂಗಡಿ ಶಟರಿನಿಂದ 10 ಮೀಟರ್, ಅಂದ್ರೆ ಸುಮಾರು 33 ಅಡಿ ದೂರಕ್ಕೆ ಕಾರು ನೆಟ್ಟಗೆ ನಿಲ್ಲಿಸಿ. ಟೈರಿನ ಗಾಳಿ ಸರಿ ಇರಲಿ, ಡ್ರೈವರ್ ಸೀಟಲ್ಲಿ ಒಬ್ಬರು ಕೂತಿರಲಿ. ಹೆಡ್‌ಲೈಟಿನ ನಡುಭಾಗ ನೆಲದಿಂದ ಎಷ್ಟು ಎತ್ತರ ಇದೆ ಅಳೆದು, ಶಟರ್ ಮೇಲೆ ಅಷ್ಟೇ ಎತ್ತರಕ್ಕೆ ಚಾಕ್‌ಪೀಸಿನಲ್ಲಿ ಗೆರೆ ಎಳೆಯಿರಿ. ಡಿಮ್ ಹಾಕಿ. ಬೆಳಕಿನ ಮೇಲಂಚು ಆ ಗೆರೆಗಿಂತ ನಾಲ್ಕರಿಂದ ಆರು ಇಂಚು ಕೆಳಗೆ ಇರಬೇಕು, ಎಡಕ್ಕೆ ಮಾತ್ರ ಓರೆಯಾಗಿ ಏರಬಹುದು. ಗೆರೆ ದಾಟಿದ್ದರೆ ಲೈಟಿನ ಹಿಂದಿರುವ ಸ್ಕ್ರೂ ತಿರುಗಿಸಿ ಇಳಿಸಬಹುದು, ಮೆಕ್ಯಾನಿಕ್‌ಗೆ ಐದು ನಿಮಿಷದ ಕೆಲಸ. ಮೇಲಂಚು ಅಂತಲೇ ಕಾಣದೆ ಶಟರ್ ತುಂಬಾ ಬೆಳಕು ಹರಡಿದ್ದರೆ ಸ್ಕ್ರೂ ತಿರುಗಿಸಿ ಪ್ರಯೋಜನವಿಲ್ಲ, ಬಲ್ಬೇ ತಪ್ಪು.

ಮದುವೆ ಸೀಸನ್ನಿನಲ್ಲಿ ಹಿಂದೆ ನಾಲ್ಕು ಜನ, ಡಿಕ್ಕಿ ತುಂಬಾ ಸಾಮಾನು ಹಾಕಿಕೊಂಡು ಕಂಪ್ಲಿ ಕಡೆಗೋ ಸಂಡೂರು ಕಡೆಗೋ ಹೊರಟರೆ ಕಾರಿನ ಮೂತಿ ಎತ್ತುತ್ತೆ, ಲೈಟೂ ಎತ್ತುತ್ತೆ. ಸ್ಟೇರಿಂಗ್ ಪಕ್ಕ 0, 1, 2, 3 ಅಂತ ಬರೆದ ಚಿಕ್ಕ ಗಾಲಿ ಅನೇಕ ಕಾರುಗಳಲ್ಲಿರುತ್ತೆ. ಅದು ಇದಕ್ಕೇ. ಹಿಂದೆ ಭಾರ ಹೆಚ್ಚಿದಂತೆ ದೊಡ್ಡ ಅಂಕಿಗೆ ತಿರುಗಿಸಬೇಕು. ಸಂಡೂರು ಕಡೆ ಓಡಾಡುವವರು ಗಾಜಿನ ಮೇಲಿನ ಕೆಂಪು ಧೂಳನ್ನೂ ಮರೆಯಬಾರದು. ಒಣ ವೈಪರ್ ಆಡಿಸಿದರೆ ಗಾಜಿನಲ್ಲಿ ಗೀರು ಬೀಳುತ್ತೆ, ಎದುರಿನ ಲೈಟು ಆ ಗೀರುಗಳಲ್ಲಿ ಚೆದುರಿ ಗಾಜೆಲ್ಲಾ ಬೆಳ್ಳಗಾಗುತ್ತೆ.

ಇದು ಎದುರಿನಿಂದ ಬರುವವರ ಕಥೆ. ಹಿಂದಿನಿಂದ ಕುಕ್ಕುವ ಲೈಟಿಗೆ ಕಾರಿನೊಳಗೇ ಉಪಾಯ ಇದೆ, ಬಹಳ ಜನ ಅದನ್ನು ಮುಟ್ಟೋದೇ ಇಲ್ಲ. ಒಳಗನ್ನಡಿಯ ಕೆಳಗೆ ಒಂದು ಚಿಕ್ಕ ಕಡ್ಡಿ ಇರುತ್ತಲ್ಲ, ಅದೇ.

ಗಾಜಿಗೆ ಬಿದ್ದ ಬೆಳಕು ಇಬ್ಭಾಗ ಆಗುತ್ತೆ. ಹೆಚ್ಚಿನದು ಒಳಗೆ ಹಾದುಹೋಗುತ್ತೆ, ನೂರಕ್ಕೆ ನಾಲ್ಕು ಪಾಲಿನಷ್ಟು ಮೇಲ್ಮೈಯಿಂದಲೇ ವಾಪಸ್ ಬರುತ್ತೆ. ರಾತ್ರಿ ಮೊಬೈಲ್ ಅಂಗಡಿಯ ಗಾಜಿನ ಬಾಗಿಲಲ್ಲಿ, ಒಳಗಿನವರಿಗೆ ತಮ್ಮ ಮುಖವೂ ಕಾಣುತ್ತೆ, ಹೊರಗಿನ ರಸ್ತೆ ದೀಪವೂ ಕಾಣುತ್ತೆ. ಕಾರಣ ಇದೇ. ಟಿವಿಯಲ್ಲಿ ವಾರ್ತೆ ಓದುವವರ ಎದುರಿನ ಓರೆ ಗಾಜೂ ಹೀಗೆ ಬೆಳಕು ಹಂಚುವ ಗಾಜೇ. ಕ್ಯಾಮೆರಾ ಅದರ ಹಿಂದೆ ಇರುತ್ತೆ, ಅಕ್ಷರ ಅದರ ಮೇಲೆ ಮೂಡುತ್ತೆ.

ಕಾರಿನ ಒಳಗನ್ನಡಿಯ ಗಾಜು ಒಂದು ಕಡೆ ದಪ್ಪ, ಒಂದು ಕಡೆ ತೆಳು. ಅದರ ಹಿಂದೆ ಬೆಳ್ಳಿಬಣ್ಣದ ಲೇಪ. ಹಗಲಲ್ಲಿ ಲೇಪದಿಂದ ಬಂದ ಜೋರು ಬಿಂಬವನ್ನು ನಾವು ನೋಡ್ತೀವಿ. ಕಡ್ಡಿ ಎಳೆದಾಗ ಆ ಬಿಂಬ ಕಾರಿನ ಟಾಪಿನ ಕಡೆ ಹೋಗುತ್ತೆ, ಮೇಲ್ಮೈಯ ನಾಲ್ಕು ಪಾಲಿನ ಮಂದ ಬಿಂಬ ಮಾತ್ರ ಕಣ್ಣಿಗೆ ಬರುತ್ತೆ. ಹಿಂದಿನ ಲಾರಿ ಎಲ್ಲಿದೆ ಅಂತ ಗೊತ್ತಾಗೋಕೆ ಅಷ್ಟು ಸಾಕು. ಬೆಳಗ್ಗೆ ಗಾಡಿ ತೆಗೆಯುವಾಗ ಮಾತ್ರ ಕಡ್ಡಿಯನ್ನು ನೆನಪಿಟ್ಟು ವಾಪಸ್ ತಳ್ಳಿ, ಇಲ್ಲದಿದ್ದರೆ ಹಗಲಲ್ಲೂ ಹಿಂದಿನದು ಮಸುಕಾಗಿಯೇ ಕಾಣುತ್ತೆ.